ಖಾಕಿ ಹಿಂಡಿದ ಕೈ

ಆ ಬುಧವಾರವೂ ಇಬ್ಬರೂ ಸೇರಿಯೇ ಪ್ಯಾಂಟು ಹಿಂಡಿದರು.

ಲಗ್ಗೆರೆಯ ಬಾಡಿಗೆ ಮನೆಯ ಮಹಡಿ. ನೀರಿನ ಟ್ಯಾಂಕಿನ ಪಕ್ಕ ಸೋಮಪ್ಪ ಒಂದು ತುದಿ ಹಿಡಿದ, ಹೊಳೆವ್ವ ಇನ್ನೊಂದು ತುದಿ ಹಿಡಿದಳು. ದಪ್ಪ ಖಾಕಿ. ನೀರು ಕುಡಿದರೆ ಎಳೆಗರುವಿನಷ್ಟು ಭಾರ. ಅವನು ತಿರುಗಿಸಿದ. ಅವಳು ಅಂಗೈ ಮೇಲೆ ಮಾಡಿ ಹಿಡಿದು ನಿಂತಳು. ಹಿಡಿಯುವುದಷ್ಟೇ ಅವಳ ಪಾಲು.

"ಸರಿಯಾಗಿ ಹಿಡಿಯಬೇ. ಜಾರಿತಂದ್ರ ನಾ ಹೋಗಿ ಟ್ಯಾಂಕಿನಾಗ ಬೀಳ್ತೇನಿ."

"ಬೀಳ್ರಿ. ಜಳಕಾನರ ಆಕ್ಕೈತಿ."

ಮೆಟ್ಟಿಲ ಹತ್ತಿರ ಸಂಡಿಗೆ ಒಣಹಾಕುತ್ತಿದ್ದ ಕೆಳಮನೆಯ ಮಾರಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು. "ಗಂಡ ಎಂಡ್ರು ಪ್ಯಾಂಟ್ ಇಂಡ್ತಾವ್ರೋ, ಅಗ್ಗ ಒಸೀತಾವ್ರೋ? ನಮ್ಮನೇರು ಅವ್ರೆ, ಟವಲ್ಲೂ ಇಂಡಕ್ಕಿಲ್ಲ."

"ಕಳಸ್ರಿ ಮಾರಕ್ಕ, ಟ್ರೇನಿಂಗ್ ಕೊಡ್ತೇನಿ" ಅಂದ ಸೋಮಪ್ಪ.

ಪ್ಯಾಂಟು ತಂತಿಯ ಮೇಲೆ ಹೋಯಿತು. ಸೋಮಪ್ಪ ಕೆಳಗಿಳಿದು ಎರಡು ರೊಟ್ಟಿ ತಿಂದ. ಇನ್ನೊಂದು ಜೊತೆ ಖಾಕಿ ತೊಟ್ಟ. ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ಕೇಳಿದ: "ಬರ್ತಾ ಬೆಂಡಿಕಾಯಿ ತರಲೇನು?"

"ಬ್ಯಾಡ. ಬದನಿಕಾಯಿ ತರ್ರಿ. ಎಳೆವು ನೋಡಿ."

ಹೋದ.

ಹನ್ನೊಂದು ಗಂಟೆಗೆ ಹೊಳೆವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಫೋನು ಬಂತು. ವರ್ಕ್‌ಶಾಪಿನ ಸೂಪರ್‌ವೈಸರ್. ಕಬ್ಬಿಣ ಕಡೆಯುವ ಲೇತ್ ಮುಂದೆ ನಿಂತಿದ್ದವನು ಎದೆ ಹಿಡಿದು ಕೂತನಂತೆ. ಮಷಿನ್ ಆಫ್ ಮಾಡಿ ಕೂತನಂತೆ. ಮತ್ತೆ ಏಳಲಿಲ್ಲ.

ಇಪ್ಪತ್ತಾರು ವರ್ಷದ ಬಾಳ್ವೆಗೆ ಕಡೆಯ ಮಾತು ಬದನೆಕಾಯಿ.

*

ಸೋಮಪ್ಪ ಕುಷ್ಟಗಿ ಕಡೆಯವನು. ಪೀಣ್ಯಕ್ಕೆ ಬಂದಾಗ ಮೀಸೆ ಪೂರ್ತಿ ಬಂದಿರಲಿಲ್ಲ. ಮೊದಲು ವರ್ಕ್‌ಶಾಪಿನಲ್ಲಿ ಕಬ್ಬಿಣದ ಸಿಪ್ಪೆ ಗುಡಿಸುತ್ತಿದ್ದ. ಗುಡಿಸುತ್ತ ನೋಡಿದ, ನೋಡುತ್ತ ಕಲಿತ. ಐದು ವರ್ಷಕ್ಕೆ ಲೇತ್ ಅವನ ಕೈಗೆ ಬಂತು. ಆಮೇಲೆ ಬೇರೆ ಯಾವ ಮಷಿನ್ನೂ ಬೇಡವೆಂದ.

ಕೈಯಲ್ಲೇ ಅವನಿಗೆ ಕಣ್ಣು. ಲೋಟ ಕೊಟ್ಟರೆ ಕುಡಿಯುವ ಮೊದಲು ಅಂಚಿನ ಮೇಲೆ ಹೆಬ್ಬೆರಳು ಆಡಿಸುವನು. ಬಾಗಿಲ ಚಿಲಕ, ಹಂಚಿನ ಹಿಡಿ, ಮಗಳ ಕಾಲುಚೈನು, ಎಲ್ಲದರ ಮೇಲೂ ಹೆಬ್ಬೆರಳು. ತರಿ ಸಿಕ್ಕರೆ ಅರ ತಂದು ತಿಕ್ಕದೆ ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡುವನು.

"ಇದು ಒಂದೂವರೆ ಎಂ.ಎಂ., ಪಾಸ್. ಇದು ಎರಡು ಐತಿ. ರಿಜೆಕ್ಟ್."

"ರಿಜೆಕ್ಟ್ ಆಗಿದ್ದು ಇಲ್ಲಿ ಕೊಡ್ರಿ. ನಾ ತಿಂತೇನಿ. ನೀವು ಉಪವಾಸ ಇರ್ರಿ."

ಕೂಡಲೇ ರೊಟ್ಟಿ ಪಾಸ್ ಆಗುತ್ತಿತ್ತು.

ಅವನಿಗೆ ಇದ್ದ ದೊಡ್ಡಸ್ತಿಕೆ ಒಂದೇ: ಒಗೆದ ಖಾಕಿ. ಉಳಿದವರು ವಾರಗಟ್ಟಲೆ ಅದೇ ಎಣ್ಣೆ ಪ್ಯಾಂಟಿನಲ್ಲಿ ಬರುತ್ತಿದ್ದರು. ಸೋಮಪ್ಪ ದಿನಾ ಒಗೆದದ್ದು ತೊಡುವನು. "ಮಷಿನ್ ಮುಂದ ನಿಲ್ಲಾಂವ ದೇವರ ಮುಂದ ನಿಂತಂಗ ನಿಲ್ಲಬೇಕು" ಅನ್ನುವನು. ಸಂಜೆಗೆ ಆ ದೇವರು ಅವನನ್ನು ಕಟಿಂಗ್ ಆಯಿಲ್‌ನಲ್ಲಿ ಮುಳುಗಿಸಿ ಮನೆಗೆ ಕಳಿಸುತ್ತಿದ್ದ. ಇದ್ದದ್ದು ಎರಡೇ ಜೊತೆ. ಒಂದು ಮೈಮೇಲೆ, ಒಂದು ತಂತಿಯ ಮೇಲೆ. ಒಗೆದದ್ದು ಮರುದಿನ ಬೆಳಿಗ್ಗೆಗೆ ಒಣಗಲೇಬೇಕು. ಒಣಗಬೇಕೆಂದರೆ ಹನಿ ನೀರು ಉಳಿಯದ ಹಾಗೆ ಹಿಂಡಬೇಕು.

ಹಾಗೆ ಹಿಂಡುವುದು ಹೊಳೆವ್ವನ ದೊಡ್ಡಸ್ತಿಕೆ. ಅವಳು ಹಿಂಡಿದ ಬಟ್ಟೆ ಕೊಡವಿದರೆ ಹನಿ ಬೀಳುತ್ತಿರಲಿಲ್ಲ.

*

ನೋವು ಬಂದದ್ದು ಹೊಳೆವ್ವನ ಬಲಮೊಣಕೈಗೆ. ಹೊರಗಡೆಯ ಎಲುಬಿನ ಮೇಲೆ, ರೂಪಾಯಿ ಅಗಲದ ಜಾಗ. ಮೊದಮೊದಲು ಹಂಚು ಎತ್ತುವಾಗ ಚುಳ್ ಅಂದಿತು. ಆಮೇಲೆ ನಲ್ಲಿ ತಿರುಗಿಸುವಾಗ. ಆಮೇಲೆ ಚಹಾದ ಲೋಟ ಎತ್ತುವಾಗಲೂ.

ಎಲ್ಲರಿಗೂ ಕಾರಣ ಗೊತ್ತಿತ್ತು. ಮಹಾನಂದಾಳ ಖಾನಾವಳಿಯಲ್ಲಿ ದಿನಕ್ಕೆ ನೂರರವತ್ತು ಜೋಳದ ರೊಟ್ಟಿ ಬಡಿಯುವ ಕೈ ನೋಯದೆ ಇರುತ್ತದೆಯೇ? ಮಹಾನಂದಾ ಗದಗಿನವಳು, ಬಾಯಿ ಜೋರು, ಕರುಳು ಮೆತ್ತಗೆ. "ಹೊಳೆವ್ವಕ್ಕಾ, ಒಂದು ತಿಂಗಳು ರೊಟ್ಟಿ ಮುಟ್ಟಬ್ಯಾಡ. ಗಿರಾಕಿಗೆ ಅನ್ನ ಹಾಕ್ತೇನಿ, ಬೈಸಿಕೊಂತೇನಿ" ಅಂದು ಮನೆಗೆ ಕಳಿಸಿದಳು.

ಸೋಮಪ್ಪ ರಾತ್ರಿ ಎಣ್ಣೆ ಕಾಯಿಸಿ ತಿಕ್ಕಿದ. ಕಬ್ಬಿಣ ತಿಕ್ಕಿದ ಹೆಬ್ಬೆರಳು ಅದು. ಎಲ್ಲಿ ನೋವೋ ಅಲ್ಲೇ ಒತ್ತಿದ. ಅವಳು ಹಲ್ಲು ಕಚ್ಚಿಕೊಂಡು "ಹಗುರಾತು" ಅಂದಳು. ಹಗುರ ಆಗಿರಲಿಲ್ಲ. ಊರಿಗೆ ಹೋದಾಗ ಅಲ್ಲೊಬ್ಬ ನರ ಹೊರಳಿದೆಯೆಂದು ಕೈ ಹಿಡಿದು ಜಗ್ಗಿದ. ಅದರಿಂದ ಎರಡು ದಿನ ಜ್ವರ ಬಂತು. ಎಕ್ಸ್‌ರೇ ತೆಗೆಸಿದರು. ಎಲುಬು ಚೆನ್ನಾಗಿದೆ ಅಂದರು. ಎಲುಬು ಚೆನ್ನಾಗಿದ್ದು ನೋವು ಇದ್ದರೆ ಸುಳ್ಳು ನೋವು ಅಂತಲೇ ಅರ್ಥವೇನೋ ಎಂದು ಅವಳಿಗೆ ನಾಚಿಕೆಯಾಯಿತು.

ಓಣಿಯ ಕ್ಲಿನಿಕ್ಕಿನಲ್ಲಿ ಮೊಣಕೈಗೇ ಸೂಜಿ ಹಾಕಿಸಿಕೊಂಡಳು. ಮೂರು ದಿನಕ್ಕೆ ನೋವು ಮಾಯ. ಮದುವೆಯಾದ ವರ್ಷದ ಕೈ ಬಂದಂತಾಯಿತು. ಇದ್ದಬದ್ದ ಚಾದರ, ಹಾಸಿಗೆ ಹೊದಿಕೆ ಎಲ್ಲ ಒಗೆದು ಹಾಕಿದಳು. ಆರನೆಯ ವಾರ ನೋವು ವಾಪಸ್ ಬಂತು, ಬಡ್ಡಿ ಸಮೇತ.

ಇಷ್ಟೂ ದಿನ ರೊಟ್ಟಿ ಮುಟ್ಟಿರಲಿಲ್ಲ. ಹೆದರಿಕೆ ಹುಟ್ಟಿದ್ದು ಆಗ. ರೊಟ್ಟಿ ಬಿಟ್ಟರೂ ಬಿಡದ ನೋವು ಎಂಥದ್ದು? ಈ ಕೈ ಹೋದರೆ ತನ್ನ ಹತ್ತಿರ ಇನ್ನೇನಿದೆ?

*

ಸರ್ಕಾರಿ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಹೇಮಲತಾ. ದಾವಣಗೆರೆಯ ಹುಡುಗಿ, ಕನ್ನಡಕ ಮೂಗಿನ ತುದಿಗೆ. ಹೊಳೆವ್ವನ ಮಧ್ಯದ ಬೆರಳನ್ನು ಒತ್ತಿ "ಮೇಲಕ್ಕೆ ಎತ್ತಿ" ಅಂದಳು. ಮೊಣಕೈ ಚೀರಿತು. ಕುರ್ಚಿಯನ್ನು ಅಂಗೈ ಕೆಳಗೆ ಮಾಡಿ ಎತ್ತಿಸಿದಳು, ಆಗಲಿಲ್ಲ. ಅಂಗೈ ಮೇಲೆ ಮಾಡಿ ಎತ್ತಿಸಿದಳು, ಕುರ್ಚಿ ಎದ್ದಿತು.

"ಟೆನಿಸ್ ಎಲ್ಬೋ ಅಂತಾರಮ್ಮಾ ಇದಕ್ಕೆ."

ಜೊತೆಗೆ ಬಂದಿದ್ದ ಸೋಮಪ್ಪ ಹುಬ್ಬೇರಿಸಿದ. "ಮೇಡಂ, ಈಕಿ ಗಿಲ್ಲಿದಾಂಡೂ ಆಡಿಲ್ಲ."

"ನನ್ನ ಹತ್ರ ಬರೋರಲ್ಲಿ ಟೆನಿಸ್ ಆಡೋರು ಒಬ್ರೂ ಇಲ್ಲ ಕಣ್ರೀ. ಸ್ಕ್ರೂ ತಿರುಗಿಸೋರು, ಪೇಂಟ್ ಹೊಡೆಯೋರು, ಮನೆಗೆಲಸ ಮಾಡೋರು. ನೋಡಿ, ಮಣಿಕಟ್ಟನ್ನ ಮೇಲಕ್ಕೆ ಎತ್ತೋ ಸ್ನಾಯು ಎಲ್ಲ ಇಲ್ಲಿ ಬಂದು ಕಟ್ಕೊಂಡಿವೆ. ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ. ಎಳೆದೂ ಎಳೆದೂ ಗಂಟಿನ ಹತ್ರ ಹಗ್ಗ ಸವೆದಿದೆ. ನೀವು ಗೂಟಕ್ಕೆ ಎಣ್ಣೆ ತಿಕ್ತಾ ಕೂತಿದ್ದೀರಾ."

ಸೋಮಪ್ಪ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಈಗ ಏನ್ ಕೆಲಸ ಮಾಡ್ತೀರಾ?"

"ಏನೂ ಇಲ್ರಿ. ರೊಟ್ಟಿ ಬಿಟ್ಟೇನಿ. ಮನ್ಯಾಗ ಸುಮ್ನ ಅದೇನಿ."

"ಸುಮ್ನೆ ಅಂದ್ರೆ?"

"ಸುಮ್ನ ಅಂದ್ರ... ಅಡಿಗಿ, ಕಸ, ಅರಿವಿ."

ಹೇಮಲತಾ ಸೋಮಪ್ಪನ ಕಡೆ ತಿರುಗಿದಳು. ಅವನು ಅರ್ಧ ದಿನ ರಜೆ ಹಾಕಿ ಬಂದಿದ್ದ; ಮೈಮೇಲೆ ಅದೇ ಖಾಕಿ. ಮೊಣಕಾಲ ಹತ್ತಿರ ಬಟ್ಟೆಯನ್ನು ಚಿವುಟಿ ನೋಡಿದಳು, ಅವನು ರೊಟ್ಟಿ ನೋಡಿದಂತೆ. "ಇದನ್ನ ಯಾರು ಒಗೆಯೋದು?"

"ಈಕಿನ ಮೇಡಂ. ದಿನಾ" ಅಂದ ಸೋಮಪ್ಪ, ಎದೆಯುಬ್ಬಿಸಿ. "ಈಕಿ ಹಿಂಡಿದ್ರ ಒಂದು ಹನಿ ಇರಂಗಿಲ್ಲ."

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಬಗ್ಗಿ ತನ್ನ ಪ್ಯಾಂಟು ನೋಡಿಕೊಂಡ. ಹೊಳೆವ್ವನನ್ನು ನೋಡಲಿಲ್ಲ. ಖಾಕಿ ಹಿಂಡುವುದು ಕೆಲಸವೆಂದು ಇಬ್ಬರಲ್ಲಿ ಯಾರೂ ಎಣಿಸಿಯೇ ಇರಲಿಲ್ಲ.

ಆಟೋ ಹಿಡಿದು ಹೊರಟರು. ಲಗ್ಗೆರೆ ಸೇತುವೆ ಬಂದಾಗ ಸೋಮಪ್ಪ ಅಂದ: "ನಾಳಿಯಿಂದ ಹೊಲಸು ಪ್ಯಾಂಟಿನಾಗ ಹೋಗ್ತೇನಿ."

"ಹೋದ್ರ ನೋಡ್ರಿ. ನಾ ಬಾಗಿಲ ತಗಿಯಂಗಿಲ್ಲ."

"ಮತ್ತ?"

"ನೀವು ಹಿಂಡ್ರಿ."

*

ಹಾಗೆ ಶುರುವಾಯಿತು ಆ ಮಹಡಿಯ ಮೇಲಿನ ಜಗ್ಗಾಟ. ಹೊಳೆವ್ವ ಹಿಡಿಯುವುದು, ಸೋಮಪ್ಪ ತಿರುಗಿಸುವುದು. ಮೊದಲ ದಿನ ಅವನು ಹಿಂಡಿದ್ದು ಕಂಡು ಅವಳು ನಕ್ಕಳು. ತಂತಿಯ ಕೆಳಗೆ ಕೆರೆಯೇ ಆಗಿತ್ತು.

ಉಳಿದದ್ದು ಕೈಗೆ ಪಾಠ. ಮೊಣಕೈ ಕೆಳಗೆ ಎರಡು ಬೆರಳು ಬಿಟ್ಟು ಪಟ್ಟಿ ಕಟ್ಟಿಕೊಳ್ಳಬೇಕು. ಏನೇ ಎತ್ತಿದರೂ ಅಂಗೈ ಮೇಲೆ. ದಿನಾ ಮುಂಗೈಯನ್ನು ಮೇಜಿನ ಮೇಲಿಟ್ಟು, ಹಸ್ತ ಹೊರಗೆ ಬಿಟ್ಟು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಬೇಕು. ಎಡಗೈ ಸಹಾಯದಿಂದ ಮೇಲಕ್ಕೆ ತಂದು, ಬಲಗೈ ಒಂದರಲ್ಲೇ ನಿಧಾನ ಇಳಿಸಬೇಕು. ಹದಿನೈದು ಸಲ. ಸ್ವಲ್ಪ ನೋಯುತ್ತದೆ, ನೋಯಲಿ. ಮರುದಿನಕ್ಕೂ ಉಳಿದರೆ ಕಡಿಮೆ ಮಾಡಬೇಕು. "ಸೂಜಿ ನೋವು ಮುಚ್ಚಿಡುತ್ತೆ ಅಮ್ಮಾ, ಹಗ್ಗ ನೇಯಲ್ಲ. ನೇಯೋದು ಇದೇ. ತಿಂಗಳುಗಟ್ಟಲೆ ಆಗುತ್ತೆ" ಅಂದಿದ್ದಳು ಹೇಮಲತಾ.

ಮನೆಯಲ್ಲಿ ಮೇಜಿರಲಿಲ್ಲ. ಸೋಮಪ್ಪ ಟಿ.ವಿ. ಇಳಿಸಿ ಅದರ ಸ್ಟೂಲು ಕೊಟ್ಟ. ಎದುರು ಕೂತು ಎಣಿಸಿದ.

"ಜೋರಾತು. ಫೀಡ್ ಕಮ್ಮಿ ಮಾಡು."

"ಹಂಗಂದ್ರ?"

"ಲೇತಿನಾಗ ಟೂಲ್ ಓಡಿಸಿದ್ರ ಕಬ್ಬಿಣ ಹರಿತೈತಿ. ತೆವಳಿಸಬೇಕು, ಆಗ ಹೊಳಪು ಬರ್ತೈತಿ. ಹಂಗ ಇಳಸು."

ಅವಳು ತೆವಳಿಸಿದಳು. ಅವನು "ಹಾಂ... ಹಾಂ... ಪಾಸ್" ಅಂದ. ಆಸ್ಪತ್ರೆಗೂ ಜೊತೆಗೇ ಬಂದು ಅಲ್ಲಿಯೂ ಎಣಿಸುವನು. ಹೇಮಲತಾ ನಗುವಳು: "ನನ್ನ ಕೆಲಸ ನೀವೇ ಮಾಡಿದ್ರೆ ನನ್ನ ಮನೆಗೆ ಕಳಿಸ್ತಾರೆ ಕಣ್ರೀ."

ಒಂದು ಭಾನುವಾರ ಸೋಮಪ್ಪ ವರ್ಕ್‌ಶಾಪಿನಿಂದ ಕೇಳಿ ತಂದ ಉಳಿಕೆ ಸರಳಿನ ತುಂಡಿನಿಂದ ಮಾಡಿದ ಕೊಕ್ಕೆಯೊಂದನ್ನು ಟ್ಯಾಂಕಿನ ಗೋಡೆಗೆ ಕೂರಿಸಿದ. ಎದೆಮಟ್ಟಕ್ಕೆ. ಬಟ್ಟೆ ಹರಿಯದಂತೆ ಕನ್ನಡಿಯ ಹಾಗೆ ನಯ ಮಾಡಿದ್ದ. ಹೆಬ್ಬೆರಳು ಆಡಿಸಿ ತೋರಿಸಿದ.

"ನನ್ನ ಶಿಫ್ಟ್ ಬದಲಾದ್ರ ಒಬ್ಬಾಕಿನ ಇರ್ತಿ. ಇದಕ್ಕ ಅರಿವಿ ಸಿಗಿಸಿ ಎರಡೂ ತುದಿ ಹಿಡ್ಕೊಂಡು ಮೈಭಾರ ಹಾಕು. ಇದು ಹಿಡಿತೈತಿ."

"ಗಂಡ ಇದ್ದಾಗ ಗೂಟ ಯಾಕ್ರಿ?" ಅಂದಳು ಹೊಳೆವ್ವ. ಶಿಫ್ಟ್ ಬದಲಾಗಲಿಲ್ಲ. ಕೊಕ್ಕೆಗೆ ಅವಳು ಬಕೆಟ್ಟಿನ ಮಗ್ಗು ನೇತುಹಾಕುತ್ತಿದ್ದಳು.

ನಾಲ್ಕು ತಿಂಗಳಿಗೆ ಕೈ ಬಂತು. ಮೊದಲ ದಿನ ಐವತ್ತು ರೊಟ್ಟಿ. ಆಮೇಲೆ ನೂರು. ಆಮೇಲೆ ಮೊದಲಿನಷ್ಟೇ. ಕೈ ಬಂದ ಮೇಲೂ ಖಾಕಿ ಹಿಂಡುವುದನ್ನು ಅವನು ಬಿಟ್ಟುಕೊಡಲಿಲ್ಲ. ಅವಳೂ ಕೇಳಲಿಲ್ಲ. ಬೆಳಗಿನ ಆ ಐದು ನಿಮಿಷ ಇಬ್ಬರಿಗೂ ಬೇಕಾಗಿತ್ತು.

*

ಸೋಮಪ್ಪನ ಮಣ್ಣು ಊರಿನಲ್ಲಾಯಿತು. ಹೊಳೆವ್ವ ಎರಡು ತಿಂಗಳು ಕುಷ್ಟಗಿಯಲ್ಲಿ ಮಗಳು ಭುವನೇಶ್ವರಿಯ ಮನೆಯಲ್ಲಿದ್ದಳು. "ರೂಮ್ ಬಿಟ್ಟು ಬಂದ್ಬಿಡಬೇ. ಇಲ್ಲೇ ಇರು" ಅಂದಳು ಮಗಳು. ಅಳಿಯ ಒಳ್ಳೆಯವನು. ಆದರೆ ಅಲ್ಲಿ ಅವಳಿಗೆ ಕೂತು ಉಣ್ಣುವುದೊಂದೇ ಕೆಲಸ. "ಯುಗಾದಿ ತನಕ ನೋಡೂಣು. ಕೈಯಾಗ ಆದ್ರ ಅಲ್ಲೇ ಇರ್ತೇನಿ, ಆಗದಿದ್ರ ಬರ್ತೇನಿ" ಅಂದು ಲಗ್ಗೆರೆಗೆ ಬಂದಳು.

ಬಂದವಳು ಮಹಡಿ ಹತ್ತಿದಳು. ತಂತಿಯ ಮೇಲೆ ಆ ಬುಧವಾರದ ಪ್ಯಾಂಟು ಹಾಗೆಯೇ ಇತ್ತು.

"ಮುಟ್ಟಕ್ಕೆ ಮನಸ್ ಬರ್ನಿಲ್ಲ ಕಣಮ್ಮಿ" ಅಂದಳು ಮಾರಕ್ಕ, ಮೆಟ್ಟಿಲ ಮೇಲೆ ನಿಂತು. "ದಿನಾ ನೋಡ್ತಿದ್ದೆ. ಅಂಗೇ ಬುಟ್ಟೆ."

ಇಬ್ಬರೂ ಹಿಂಡಿದ ಸುಕ್ಕು ಬಟ್ಟೆಯಲ್ಲಿ ಒಣಗಿ ಕೂತಿತ್ತು. ಅವನು ತಿರುಗಿಸಿದ ಕಡೆಗೇ ಸುಳಿ. ಮೇಲೆ ರಸ್ತೆಯ ಕೆಂಧೂಳು. ಹೊಳೆವ್ವ ಬೆರಳಿಂದ ಸುಕ್ಕು ಸವರಿದಳು. ಧೂಳು ಹಿಡಿದ ಖಾಕಿ ಅವನು ಎಂದೂ ತೊಟ್ಟವನಲ್ಲ. ಇಳಿಸಿದಳು, ನೆನೆಸಿದಳು, ತಿಕ್ಕಿದಳು. ಇನ್ನೊಂದು ಜೊತೆಯೂ ಇತ್ತು, ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟದ್ದು, ಎಣ್ಣೆ ಸಮೇತ. ಅದನ್ನೂ ಹಾಕಿದಳು. ಆಮೇಲೆ ಎರಡನ್ನೂ ಒಬ್ಬಳೇ ಹಿಂಡಿದಳು. ಹನಿ ಉಳಿಯದ ಹಾಗೆ. ಸಿಟ್ಟು ಯಾರ ಮೇಲೆ ಗೊತ್ತಿಲ್ಲ, ಎಲ್ಲ ಬಟ್ಟೆಯ ಮೇಲೆ ಹಾಕಿದಳು. ಕೊಕ್ಕೆ ಎದುರಿಗೇ ಇತ್ತು, ಮಗ್ಗು ಹೊತ್ತುಕೊಂಡು. ಅತ್ತ ನೋಡಲಿಲ್ಲ.

ಮರುದಿನ ಚಹಾದ ಲೋಟ ಕೈಯಿಂದ ಬಿತ್ತು.

*

"ಎಣಿಸೋರು ಎಲ್ಲಮ್ಮಾ? ಇವತ್ತು ಡ್ಯೂಟಿನಾ?" ಅಂದಳು ಹೇಮಲತಾ, ಫೈಲು ಹುಡುಕುತ್ತ.

"ಇಲ್ರಿ."

"ಮತ್ತೆ?"

"ತೀರಿಕೊಂಡ್ರು."

ಹೇಮಲತಾ ಫೈಲು ಕೆಳಗಿಟ್ಟಳು. ಕುರ್ಚಿ ಎಳೆದು ಪಕ್ಕ ಕೂತಳು. ಮೊಣಕೈ ನೋಡಲಿಲ್ಲ, ಬರೀ ಕೈ ಹಿಡಿದುಕೊಂಡಳು. ಆಮೇಲೆ ಕೇಳಿದಳು: "ಏನ್ ಹಿಂಡಿದ್ರಿ?"

ಹೊಳೆವ್ವ ಹೇಳಿದಳು.

"ಕೈ ಹೋಗಿಲ್ಲಮ್ಮಾ. ಹಿಂದಕ್ಕೆ ಹೋಗಿದೆ. ಮತ್ತೆ ಬರುತ್ತೆ. ಆದ್ರೆ ಆ ದಪ್ಪ ಬಟ್ಟೆ ಇಡೀದು ಹಿಂಡಬೇಡಿ. ಇನ್ನೊಂದ್ಸಲ ಹಿಂಡಿದ್ರೆ ನಾನು ಹೇಳೋಕೆ ಏನೂ ಇರಲ್ಲ. ಚಿಕ್ಕ ಬಟ್ಟೆ ಹಿಂಡಬಹುದು, ಆದ್ರೆ ಈಗಲೇ ಅಲ್ಲ. ಬಾಟಲಿ ಸಲೀಸಾದ ಮೇಲೆ, ನಿಧಾನಕ್ಕೆ. ಕೆಡಿಸಿದ್ದೂ ಹಿಂಡೋದೇ, ಗಟ್ಟಿ ಮಾಡೋದೂ ಅದೇ. ನಿಧಾನ ಒಂದೇ ವ್ಯತ್ಯಾಸ."

"ಯುಗಾದಿಗೆ ಆಕ್ಕೈತೇನ್ರಿ?"

"ಐದು ತಿಂಗಳಿದೆಯಲ್ಲ. ಎಣಿಸಿ."

ಬಾಟಲಿ ಮತ್ತೆ ಬಂತು, ಸ್ಟೂಲೂ ಬಂತು. ಎದುರು ಯಾರೂ ಇಲ್ಲ. ಮೊದಮೊದಲು ಅವಳಿಗೆ ಎಣಿಕೆ ತಪ್ಪುತ್ತಿತ್ತು. ಏಳಾದ ಮೇಲೆ ಮತ್ತೆ ಏಳು. ಆಮೇಲೆ ಬಾಯಿಬಿಟ್ಟು ಎಣಿಸಿದಳು. ಜೋರಾದರೆ ತನಗೆ ತಾನೇ "ಫೀಡ್ ಕಮ್ಮಿ" ಅಂದುಕೊಂಡಳು. ಕೆಳಗಿನಿಂದ ಮಾರಕ್ಕ ಕೇಳಿದಳು: "ಯಾರ ಜೊತ್ಗೆ ಮಾತಾಡ್ತಿದ್ದೀಯಮ್ಮಿ?" "ಕೈ ಜೊತಿಗಿ" ಅಂದಳು ಹೊಳೆವ್ವ.

ಸಂಕ್ರಾಂತಿಗೆ ಚಹಾದ ಲೋಟ ಕೈಯಲ್ಲಿ ನಿಂತಿತು. ಶಿವರಾತ್ರಿಗೆ ಹಂಚು ಎತ್ತಿದಳು, ಎರಡೂ ಕೈಯಲ್ಲಿ. ಖಾನಾವಳಿಗೆ ಹೋದಾಗ ಮಹಾನಂದಾ ಹಿಟ್ಟಿನ ಪರಾತ ಮುಂದಿಟ್ಟಳು.

"ಇಪ್ಪತ್ತು ಬಡಿ. ಹೆಚ್ಚು ಬಡಿದ್ರ ನಾ ಬಡಿತೇನಿ."

"ನಿಂಗ ರೊಟ್ಟಿ ಬಡಿಯಾಕ ಬರಂಗಿಲ್ಲ."

"ರೊಟ್ಟಿ ಅಲ್ಲ. ನಿನ್ನ."

ಇಪ್ಪತ್ತು ಆಯಿತು. ಬಿಸಿ ಹಂಚು ಇಳಿಸಲು ಅಲ್ಲಿದ್ದ ಬಟ್ಟೆ ತೆಳ್ಳಗೆ, ಬೆರಳು ಸುಟ್ಟಿತು. ಹೊಳೆವ್ವ ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡಳು. ದಪ್ಪ ಬಟ್ಟೆ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು.

ಮನೆಗೆ ಬಂದು ಟ್ರಂಕು ತೆಗೆದಳು. ಖಾಕಿ ಮಡಿಚಿಟ್ಟ ಹಾಗೆಯೇ ಇತ್ತು. ಇಡೀ ಪ್ಯಾಂಟು ಇರುವ ತನಕ ಒಗೆಯುವ ಆಸೆ ಬರುತ್ತದೆ. ಒಗೆದರೆ ಹಿಂಡುವ ಆಸೆ ಬರುತ್ತದೆ. ಹಿಂಡಿದರೆ ಕೈ ಹೋಗುತ್ತದೆ. ಕೈ ಹೋದರೆ ಕುಷ್ಟಗಿ. ಇಷ್ಟೇ ಲೆಕ್ಕ. ಕತ್ತರಿ ತಂದಳು. ಮೊದಲ ಕಾಲು ಕತ್ತರಿಸುವಾಗ ಅತ್ತಳು. ಎರಡನೆಯದಕ್ಕೆ ಅಳಲಿಲ್ಲ, ಅಂಚು ನೇರ ಬರಬೇಕಿತ್ತು, ಇಲ್ಲದಿದ್ದರೆ ರಿಜೆಕ್ಟ್. ಹಂಚು ಹಿಡಿಯಲು ಅಂಗೈ ಎರಡರಷ್ಟು ಅಗಲ, ಮೊಳ ಉದ್ದದ ತುಂಡುಗಳು. ಅಂಚು ಮಡಿಚಿ ಹೊಲಿದಳು. ಹೆಬ್ಬೆರಳು ಆಡಿಸಿ ನೋಡಿದಳು.

ಯುಗಾದಿಗೆ ಮಗಳಿಗೆ ಫೋನು ಮಾಡಿದಳು. "ಎಂಬತ್ತು ರೊಟ್ಟಿ ಆಗಾಕತ್ತಾವ. ಇಲ್ಲೇ ಇರ್ತೇನಿ. ಬೇವು ಬೆಲ್ಲ ತಿಂದ್ಯೇನು?"

ಈಗ ಖಾನಾವಳಿಯಲ್ಲಿ ಹಂಚು ಇಳಿಯುವುದು ಸೋಮಪ್ಪನ ಖಾಕಿಯಲ್ಲಿ. ದಿನಾ ಮಸಿ ಹಿಡಿಯುತ್ತದೆ. ಹೊಳೆವ್ವ ಸಂಜೆ ಮನೆಗೆ ತಂದು ನೆನೆಹಾಕುತ್ತಾಳೆ. ಬೆಳಿಗ್ಗೆ ಬಕೆಟ್ಟು ಹಿಡಿದು ಮಹಡಿ ಹತ್ತುತ್ತಾಳೆ. ಮಗ್ಗು ತೆಗೆದು ಕೆಳಗಿಡುತ್ತಾಳೆ. ಖಾಕಿ ತುಂಡನ್ನು ಕೊಕ್ಕೆಗೆ ಸಿಗಿಸಿ, ಎರಡೂ ತುದಿ ಹಿಡಿದು, ಅಂಗೈ ಮೇಲೆ ಮಾಡಿ, ಹಿಂದಕ್ಕೆ ವಾಲಿ ಮೈಭಾರ ಬಿಡುತ್ತಾಳೆ. ಆಚೆ ಕಡೆ ಹಿಡಿಯುವುದು ಕೊಕ್ಕೆಯ ಪಾಲು. ತಿರುಗಿಸುವುದು ಈಗ ಅವಳ ಪಾಲು. ಅವಸರವಿಲ್ಲ. ಒಂದು, ಎರಡು, ಮೂರು. ನೀರು ಸಣ್ಣಗೆ ಇಳಿಯುತ್ತದೆ. ಹದಿನೈದಕ್ಕೆ ಬಿಚ್ಚಿ ಕೊಡವುತ್ತಾಳೆ. ಒಂದೆರಡು ಹನಿ ಇನ್ನೂ ಬೀಳುತ್ತವೆ. ಬೀಳಲಿ ಎಂದು ತಂತಿಗೆ ಹಾಕಿ, ಕ್ಲಿಪ್ಪು ಸಿಗಿಸಿ, ಮುಂದಿನ ತುಂಡಿಗೆ ಬಗ್ಗುತ್ತಾಳೆ.